ಹಾವು ಕಚ್ಚುವುದು ಕಾಲಿಗೆ

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವಾದಾಗ ಓದಿ, ಆದರೆ ಓದಿ.

ಮೊನ್ನೆ ಬೆಳಗ್ಗೆ ಆಫೀಸಿಗೆ ಹೊರಟವನು ಪುಟ್ಟೇನಹಳ್ಳಿ ಕೆರೆ ಪಕ್ಕದ ರಸ್ತೆಯಲ್ಲಿ ನಿಲ್ಲಬೇಕಾಯಿತು. (ಯಲಹಂಕದ ಪುಟ್ಟೇನಹಳ್ಳಿ ಅಲ್ಲ, ನಮ್ಮ ಜೆ.ಪಿ. ನಗರ 7ನೇ ಹಂತದ್ದು.) ಹದಿನೈದಿಪ್ಪತ್ತು ಜನ ಸುತ್ತ ನಿಂತಿದ್ದರು. ನಡುವೆ, ಮರದ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ, ಟಾರಿನ ಮೇಲೆ ಒಂದು ಹಾವು ಮಲಗಿತ್ತು. ಮುಂಗೈ ದಪ್ಪ. ಮೈಮೇಲೆ ಸರಪಳಿ ಕೊಂಡಿಗಳ ಹಾಗೆ ಕಂದು ಮಚ್ಚೆಗಳ ಸಾಲು. ಕೊಳಕುಮಂಡಲ. ಊರಲ್ಲಿ ಬೆಳೆದವರಿಗೆ ಅದನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ.

ಹಾವಿನ ಮೈಗೆ ನಮ್ಮ ಹಾಗೆ ಒಳಗಿನ ಬಿಸಿ ಇಲ್ಲ. ರಾತ್ರಿ ಚಳಿಗೆ ಮರಗಟ್ಟಿದ ಮೈ ಬೆಳಗಿನ ಬಿಸಿಲಿಗೆ ಬರಬೇಕು, ಆಮೇಲೇ ಅದಕ್ಕೆ ಓಡಾಟ, ಬೇಟೆ, ಜೀರ್ಣ ಎಲ್ಲ. ಕಪ್ಪು ಟಾರು ಬೇಗ ಕಾಯುತ್ತದೆ, ಹಾಗಾಗಿ ರಸ್ತೆಗೆ ಬರುತ್ತದೆ. ಯಾರನ್ನೂ ಕಚ್ಚಲು ಬಂದದ್ದಲ್ಲ. ಮುಟ್ಟದಿದ್ದರೆ, ತುಳಿಯದಿದ್ದರೆ, ಅರ್ಧ ಗಂಟೆ ಕಾಯಿಸಿಕೊಂಡು ತನ್ನ ಪಾಡಿಗೆ ಹೋಗುತ್ತದೆ.

ನಿಂತವರೆಲ್ಲ ವಾಕಿಂಗ್‌ಗೆ ಬಂದವರು, ಕಾಲಲ್ಲಿ ಒಳ್ಳೊಳ್ಳೆ ಶೂ. ಎಲ್ಲರ ಕೈಯಲ್ಲೂ ಫೋನು. ಒಬ್ಬರು "ಹೆಬ್ಬಾವಿನ ಮರಿ, ಏನೂ ಮಾಡಲ್ಲ" ಅಂತ ಹತ್ತಿರ ಹತ್ತಿರ ಹೋಗುತ್ತಿದ್ದರು. ಮಂಡಲವನ್ನು ಹೆಬ್ಬಾವು ಅಂದುಕೊಂಡು ಕೈಯಲ್ಲಿ ಎತ್ತಿಕೊಂಡು ಸತ್ತವರಿದ್ದಾರೆ. ಕೂಗಿ ಹಿಂದಕ್ಕೆ ಕರೆದೆ. ಇನ್ನೊಬ್ಬರಿಗೆ ಅವಸರ, ಅವರ ಕಾರು ಆ ಕಡೆಯಿಂದ ಬರಬೇಕಂತೆ. ಅವರು ಸುತ್ತ ನೋಡಿ, ಅಷ್ಟು ದೂರದಲ್ಲಿ ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ಅಕ್ಕನನ್ನು ಕರೆದರು.

"ಏಯ್ ಅಮ್ಮ, ನಿನ್ನ ಹತ್ರ ಉದ್ದ ಪೊರಕೆ ಇದೆಯಲ್ಲ, ಅದನ್ನ ಆ ಕಡೆ ತಳ್ಳು."

ಅಕ್ಕ ಬಂದರು. ಕಾಲಲ್ಲಿ ಹವಾಯಿ ಚಪ್ಪಲಿ. ಹಾವು ನೋಡಿದರು, ಪೊರಕೆ ನೋಡಿದರು, ಆ ಮನುಷ್ಯನ ಮುಖ ನೋಡಿದರು. ನಾನು ಹೇಳಿದೆ, "ಸಾರ್, ನಿಮ್ಮ ಕಾಲಲ್ಲಿ ಶೂ ಇದೆ. ಪೊರಕೆ ಇಸ್ಕೊಂಡು ನೀವೇ ತಳ್ಳಿ."

"ನಾನ್ಯಾಕ್ರೀ ತಳ್ಳಲಿ? ಅದು ಅವರ ಕೆಲಸ."

ಸಿಟ್ಟಿನಿಂದ ಹೇಳಿದ್ದಲ್ಲ. ಬೈದದ್ದೂ ಅಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನೋ ಹಾಗೆ ಹೇಳಿದರು. ಕಸ ಅವರ ಕೆಲಸ, ಸತ್ತ ನಾಯಿ ಅವರ ಕೆಲಸ, ಕಟ್ಟಿದ ಚರಂಡಿ ಅವರ ಕೆಲಸ, ಹಾಗೇ ಬದುಕಿರುವ ವಿಷದ ಹಾವೂ ಅವರ ಕೆಲಸ. ಇದನ್ನು ಯಾವ ನೇಮಕಾತಿ ಆದೇಶದಲ್ಲಿ ಬರೆದಿದೆ ಅಂತ ಕೇಳಬಹುದಿತ್ತು. ಗುಮಾಸ್ತನಾದ ನನಗೆ ಆದೇಶ ಓದುವ ಚಟ. ಆದರೆ ಈ ಆದೇಶ ಕಾಗದದಲ್ಲಿ ಇರೋದಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಹಾವು ಹಿಡಿಯುವ ಸ್ವಯಂಸೇವಕರಿಗೆ ಫೋನ್ ಮಾಡಿದ್ದಳು. ಅವರು ಬರುವ ಮುಂಚೆ ಬಿಸಿಲು ಏರಿತು, ಹಾವು ಬಿಚ್ಚಿಕೊಂಡು ನಿಧಾನಕ್ಕೆ ಸರಿದು ರಸ್ತೆ ಪಕ್ಕದ ಚರಂಡಿಯ ಬಾಯಿಯೊಳಗೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. "ಹೋಯ್ತು, ಹೋಯ್ತು" ಅಂತ ಹೊರಟರು.

ಎಲ್ಲಿಗೆ ಹೋಯ್ತು? ಅದೇ ಚರಂಡಿಗೆ. ಮಳೆ ಬಂದರೆ ನೀರು ನಿಲ್ಲುತ್ತದೆ ಅಂತ ಆ ಬಾಯಿಂದ ಎಲೆ, ಪ್ಲಾಸ್ಟಿಕ್ಕು ಎಳೆದು ಹಾಕುವವರು ಯಾರು? ಅಕ್ಕನನ್ನೇ ಕೇಳಿದೆ. "ನಾವೇ ಕಣಣ್ಣ, ಇನ್ಯಾರು" ಅಂದರು. ಬೂಟು ಕೊಟ್ಟಿಲ್ವಾ ಅಂದೆ. ಒಂದು ಸಲ ಕೊಟ್ಟಿದ್ದರಂತೆ, ಗಂಡಸರ ಅಳತೆಯದು. ಹಾಕಿಕೊಂಡು ನಡೆದರೆ ಕಾಲು ಒಂದು ಕಡೆ, ಬೂಟು ಒಂದು ಕಡೆ. ಮನೆಯಲ್ಲಿ ಇದೆಯಂತೆ, ಮಗ ಮಳೆಗಾಲದಲ್ಲಿ ಹಾಕ್ಕೋತಾನಂತೆ.

ಅಲ್ಲಿ ಭಯ ಪಟ್ಟವರು ಯಾರು, ಅಪಾಯ ಇದ್ದದ್ದು ಯಾರಿಗೆ, ಇಷ್ಟು ನೋಡಿ ಸಾಕು. ಹಾವಿಗೆ ಜಾತಿ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಸರಿ, ಹಾವಿಗೆ ಇಲ್ಲ. ಆದರೆ ಅದು ಬಾಯಿ ಹಾಕುವುದು ಹೆಚ್ಚಾಗಿ ಪಾದಕ್ಕೆ, ಹಿಮ್ಮಡಿಗೆ, ಮೀನಖಂಡಕ್ಕೆ. ಯಾರ ಪಾದ ಬರಿಗಾಲಲ್ಲಿ ಇರಬೇಕು ಅಂತ ತೀರ್ಮಾನ ಮಾಡಿದ್ದು ಹಾವಲ್ಲ.

ನಮ್ಮ ಹಿರಿಯರ ಕಾಲಕ್ಕೆ ಚಪ್ಪಲಿ ಅಂದರೆ ಬರೀ ಚಪ್ಪಲಿ ಆಗಿರಲಿಲ್ಲ. ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಮೆಟ್ಟು ಹೊಲಿಯುವವರು ನಮ್ಮವರು. ಆ ಮೆಟ್ಟು ಮೆಟ್ಟಿಕೊಂಡು ಮೇಲುಕೇರಿಯಲ್ಲಿ ನಡೆಯುವ ಹಾಗಿಲ್ಲ, ಕಳಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಇದು ನಮ್ಮೂರಿನ ಕತೆ ಮಾತ್ರ ಅಲ್ಲ, ಈ ಪೋಸ್ಟ್ ಓದುತ್ತಿರುವ ಅರ್ಧ ಜನರ ತಾತಂದಿರ ಕತೆ. ಇದನ್ನು ನಾವು ಅವಮಾನದ ಕತೆ ಅಂತ ಹೇಳುತ್ತಾ ಬಂದಿದ್ದೇವೆ, ಭಾಷಣದಲ್ಲಿ ಅದಕ್ಕೇ ಚಪ್ಪಾಳೆ ಬೀಳೋದು. ಆದರೆ ಇದು ಪ್ರಾಣದ ಕತೆಯೂ ಹೌದು. ಗದ್ದೆ ಬದು, ಕಬ್ಬಿನ ಗರಿ, ರಾಗಿ ಮೆದೆ, ಸೌದೆ ರಾಶಿ ಇರುವ ಕಡೆ ಬರಿಗಾಲಲ್ಲಿ ಓಡಾಡಿಸಿದ್ದು ಅಂದರೆ ಏನು? ಪಾದದಿಂದ ಹುಟ್ಟಿದವರು ಅಂತ ಗ್ರಂಥದಲ್ಲಿ ಬರೆದರು, ಆ ಪಾದಕ್ಕೆ ಒಂದು ಮೆಟ್ಟನ್ನೂ ಬಿಡಲಿಲ್ಲ.

ನನ್ನ ಚಿಕ್ಕಪ್ಪ ತೀರಿಕೊಂಡಾಗ ನಾನು ಎಸ್ಸೆಸ್ಸೆಲ್ಸಿ. ನಮ್ಮೂರು ಕನಕಪುರದ ಕಡೆ, ಹಿಪ್ಪುನೇರಳೆ, ರಾಗಿ ಬೆಳೆಯುವ ಊರು. ಚಿಕ್ಕಪ್ಪ ದೊಡ್ಡವರೊಬ್ಬರ ತೋಟದಲ್ಲಿ ಕೂಲಿ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಬರೋದು ರಾತ್ರಿ. ಕರೆಂಟು ಬಂದಾಗ ಎದ್ದು ಹೋಗಿ ಮೋಟಾರ್ ಹಾಕಿ, ಮಡೆ ತಿರುಗಿಸಬೇಕು. ತೋಟ ಇರೋದು ಯಜಮಾನರದ್ದು, ನಿದ್ದೆ ಕೆಡೋದು ಆಳಿನದ್ದು. ಟಾರ್ಚಿನ ಸೆಲ್ಲು ಮುಗಿದಿತ್ತು. ಬರಿಗಾಲು, ಕತ್ತಲು, ಒದ್ದೆ ಬದು. ಹಿಮ್ಮಡಿಯ ಮೇಲೆ ಕಚ್ಚಿತು, ಇದೇ ಮಂಡಲ.

ರಾತ್ರೋರಾತ್ರಿ ಮೊದಲು ಕರೆದುಕೊಂಡು ಹೋದದ್ದು ಮಂತ್ರ ಹಾಕುವವರ ಹತ್ತಿರ. ಬಸ್ಸಿಲ್ಲ, ಗಾಡಿ ಇದ್ದವರು ಎದ್ದು ಬರಲಿಲ್ಲ, ನಡೆದು ಹೋಗಬಹುದಾದ ದೂರದಲ್ಲಿ ಇದ್ದ ಚಿಕಿತ್ಸೆ ಅದೊಂದೇ. ಕಾಲಿಗೆ ಬಿಗಿಯಾಗಿ ದಾರ ಕಟ್ಟಿದರು, ಸೊಪ್ಪಿನ ರಸ ಕುಡಿಸಿದರು. ಬೆಳಗಾಗುವ ಹೊತ್ತಿಗೆ ಕಾಲು ಬಾಳೆದಿಂಡಿನ ಹಾಗೆ ಊದಿತ್ತು, ವಸಡಿನಿಂದ ರಕ್ತ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಆಮೇಲೆ ಕಿಡ್ನಿ. ಮೊದಲ ಬಸ್ಸಲ್ಲಿ ಆಸ್ಪತ್ರೆಗೆ ಹೋದರೆ ಔಷಧಿ ಇಲ್ಲ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಟೆಂಪೋ ಮಾಡಿಕೊಂಡು ಹೊರಟರು. ಬೆಂಗಳೂರು ಸಿಗುವ ಮುಂಚೆಯೇ ಮುಗಿದಿತ್ತು. ನಾನು ಈಗ ದಿನಾ ಬಸ್ ಕಾಯೋದು ಅದೇ ಕನಕಪುರ ರಸ್ತೆಯಲ್ಲಿ.

ಸಂಜೆಗೇ ಮಣ್ಣು ಮಾಡಿದರು. ಮರಣೋತ್ತರ ಪರೀಕ್ಷೆ ಅಂದರೆ ಹೆಣ ಕೊಯ್ಯೋದು ಅಂತ ನಮ್ಮಜ್ಜಿ ಒಪ್ಪಲಿಲ್ಲ, ಒಪ್ಪಿಸುವವರೂ ಯಾರೂ ಇರಲಿಲ್ಲ. ಆ ಕಾಗದ ಇಲ್ಲದ ಮೇಲೆ ಪರಿಹಾರ ಅನ್ನುವ ಮಾತೇ ಇಲ್ಲ. ತೋಟದ ಯಜಮಾನರು ಮಣ್ಣಿಗೆ ಬಂದಿದ್ದರು, ಚಿಕ್ಕಮ್ಮನಿಗೆ ಒಂದು ಮೂಟೆ ರಾಗಿ ಕಳಿಸಿದರು. ಹಿಂದಿನ ಜನ್ಮದಲ್ಲಿ ಹಾವು ಹೊಡೆದಿರಬೇಕು, ನಾಗದೋಷ, ಶಾಂತಿ ಮಾಡಿಸಿ ಅಂತ ಹೇಳಿ ಹೋದರು. ಅಂದರೆ ತಪ್ಪು ರಾತ್ರಿ ಕರೆಂಟಿನದ್ದಲ್ಲ, ಟಾರ್ಚಿನದ್ದಲ್ಲ, ಔಷಧಿ ಇಲ್ಲದ ಆಸ್ಪತ್ರೆಯದ್ದಲ್ಲ. ಸತ್ತವನದ್ದೇ, ಅದೂ ಹಿಂದಿನ ಜನ್ಮದ್ದು! ಚಿಕ್ಕಮ್ಮ ಓಲೆ ಅಡ ಇಟ್ಟು ಶಾಂತಿ ಮಾಡಿಸಿದರು.

ಇದು ಒಂದು ಮನೆಯ ಕತೆ ಅಂದುಕೊಳ್ಳಬೇಡಿ. ಲೆಕ್ಕ ನೋಡಿ. ಮನೆ ಮನೆಗೆ ಹೋಗಿ, ನಿಮ್ಮ ಮನೆಯವರು ಹೇಗೆ ಸತ್ತರು ಅಂತ ಕೇಳಿ ಮಾಡಿದ ಒಂದು ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2005ರ ಒಂದೇ ವರ್ಷ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 46 ಸಾವಿರ. ಅದರಲ್ಲಿ ನೂರಕ್ಕೆ 97 ಸಾವು ಹಳ್ಳಿಗಳಲ್ಲಿ. ಆಸ್ಪತ್ರೆಯಲ್ಲಿ ಸತ್ತವರು ನೂರಕ್ಕೆ 23 ಮಾತ್ರ. ಉಳಿದವರು ನನ್ನ ಚಿಕ್ಕಪ್ಪನ ಹಾಗೆ ಮನೆಯಲ್ಲಿ, ಹೊಲದಲ್ಲಿ, ದಾರಿಯಲ್ಲಿ. 2020ರಲ್ಲಿ ಇನ್ನೊಂದು ಅಂದಾಜು ಬಂತು: 2000ರಿಂದ 2019ರವರೆಗೆ 12 ಲಕ್ಷ ಸಾವು, ವರ್ಷಕ್ಕೆ ಸರಾಸರಿ 58 ಸಾವಿರ. ಕಾಲು ಭಾಗಕ್ಕಿಂತ ಹೆಚ್ಚು ಹದಿನೈದು ವರ್ಷ ತುಂಬದ ಮಕ್ಕಳು. ಇಷ್ಟು ಜನ ಬೇರೆ ಯಾವುದೋ ಕಾಯಿಲೆಯಿಂದ, ಬೇರೆ ಯಾರಾದರೂ ಸತ್ತಿದ್ದರೆ ಟಿವಿಯಲ್ಲಿ ದಿನಾ ಪಟ್ಟಿ ಓಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸಿದ್ದು ಕಾಯಿಲೆಯನ್ನೋ ಕಾಯಿಲೆ ಬರುವವರನ್ನೋ?

ಈಗ ಕರ್ನಾಟಕದ ಲೆಕ್ಕ. 2023ರಲ್ಲಿ ರಾಜ್ಯದಲ್ಲಿ ದಾಖಲಾದ ಹಾವು ಕಡಿತ 6,596, ಸಾವು 19. ಇಡೀ ರಾಜ್ಯಕ್ಕೆ ಹತ್ತೊಂಬತ್ತು! ಇಪ್ಪತ್ತು ವರ್ಷದಿಂದ ರಿಜಿಸ್ಟರ್ ಬರೆಯುತ್ತಿರುವ ನಾನು ಈ ಅಂಕಿ ನಂಬಲ್ಲ. ಸಾವು ಕಮ್ಮಿ ಆಗಿದ್ದಕ್ಕೆ ಅಂಕಿ ಕಮ್ಮಿ ಆಗಿರೋದಲ್ಲ. ಬರೆದಿಲ್ಲ, ಅಷ್ಟೇ. ನನ್ನ ಚಿಕ್ಕಪ್ಪನ ಸಾವು ಹಾವಿನ ಲೆಕ್ಕದಲ್ಲಿ ಎಲ್ಲೂ ಇಲ್ಲ.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು 'ಅಧಿಸೂಚಿತ ಕಾಯಿಲೆ' ಅಂತ ಮಾಡಿತು. ಕಡಿತದ ಪ್ರಕರಣ, ಸಾವು ಯಾವುದೇ ಆಸ್ಪತ್ರೆಗೆ ಬಂದರೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ವರದಿ ಮಾಡಲೇಬೇಕು. ಅದೇ ವರ್ಷದ ಕೊನೆಗೆ ಕೇಂದ್ರ ಆರೋಗ್ಯ ಇಲಾಖೆ ಎಲ್ಲ ರಾಜ್ಯಗಳಿಗೂ ಹೀಗೇ ಮಾಡಿ ಅಂತ ಬರೆಯಿತು. ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನೋಣ. ಎಲ್ಲಿ, ಎಷ್ಟು ಅಂತ ಗೊತ್ತಾದರೆ ಔಷಧಿ ಅಲ್ಲಿಗೆ ಹೋಗುತ್ತದೆ. ಆದರೆ ಆಸ್ಪತ್ರೆ ಮೆಟ್ಟಿಲು ಹತ್ತದವರನ್ನು ಯಾರು ಬರೆಯುತ್ತಾರೆ? ಕಚ್ಚಿಸಿಕೊಂಡವರ ಉದ್ಯೋಗ ಏನು, ಸ್ವಂತ ಹೊಲವೋ ಕೂಲಿಯೋ, ಕಾಲಲ್ಲಿ ಏನಿತ್ತು, ಮಲಗಿದ್ದು ನೆಲದ ಮೇಲೋ ಮಂಚದ ಮೇಲೋ, ಇಷ್ಟು ಕಾಲಂ ಇರಲೇಬೇಕು. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೂ ಅಷ್ಟಾಗಿ ಇರಲ್ಲ, ಎಷ್ಟೋ ಸಲ ಗುರುತೂ ಕಾಣಲ್ಲ. ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ತಗಡಿನ ಶೆಡ್ಡಲ್ಲಿ ಮಕ್ಕಳನ್ನು ನೆಲಕ್ಕೆ ಮಲಗಿಸಿರುವ ನಮ್ಮ ಜನ ನೆನಪಾಗುತ್ತಾರೆ.

ಕಾನೂನು ಇನ್ನೊಂದಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ, 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಾವೆಲ್ಲ ಬೀದಿಯಲ್ಲಿ ಕೂಗಿದ್ದು ಮಡೆಸ್ನಾನದ ವಿರುದ್ಧ. ನಾಗನ ಕ್ಷೇತ್ರವಾದ ಕುಕ್ಕೆಯಲ್ಲಿ ಚಂಪಾಷಷ್ಠಿಗೆ ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳಿದರೆ ಚರ್ಮರೋಗ ಹೋಗುತ್ತದೆ ಅಂತ ನಂಬಿಸಿದ್ದರಲ್ಲ, ಅದು. ಆ ಕಾಯ್ದೆಯ ಪಟ್ಟಿಯಲ್ಲಿ ಎಂಜಲೆಲೆಯ ಜೊತೆಗೇ ಇನ್ನೊಂದು ಅಂಶ ಇದೆ: ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ ಮಾಡುವುದು ಅಪರಾಧ. ಸರಿಯೇ. ಆದರೆ ರಾತ್ರಿ ಎರಡು ಗಂಟೆಗೆ ಮಂತ್ರದವನ ಮನೆ ಒಂದು ಮೈಲಿ, ಔಷಧಿ ಇರುವ ಆಸ್ಪತ್ರೆ ನಲವತ್ತು ಮೈಲಿ ಇದ್ದರೆ ಕಾಯ್ದೆಯನ್ನು ಯಾರ ಮೇಲೆ ಹಾಕುತ್ತೀರಿ?

ಹಾವಿನ ವಿಷಕ್ಕೆ ಇರುವ ಔಷಧಿ ಒಂದೇ, ಪ್ರತಿವಿಷದ ಇಂಜೆಕ್ಷನ್. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದರ ರಕ್ತದಿಂದ ತೆಗೆಯುವುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಅದೇ. ಅದಕ್ಕೆ ಬೇಕಾದ ವಿಷ ಎಲ್ಲಿಂದ ಬರುತ್ತದೆ ಗೊತ್ತಾ? ಬಹುಪಾಲು ತಮಿಳುನಾಡಿನ ಇರುಳರ ಕೈಯಿಂದ. 1978ರಲ್ಲಿ ಕಟ್ಟಿದ ಇರುಳ ಹಾವು ಹಿಡಿಯುವವರ ಸಹಕಾರ ಸಂಘ, ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿದೆ. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. 2023ರಲ್ಲಿ ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ ಪದ್ಮಶ್ರೀ ಬಂತು. ಯಾವ ಅಪಾರ್ಟ್‌ಮೆಂಟಿನ ಯಾರಿಗೆ ಹಾವು ಕಚ್ಚಿದರೂ ಉಳಿಸುವುದು ಆ ಆದಿವಾಸಿಗಳು ಕೈಯಾರೆ ಹಿಡಿದ ಹಾವಿನ ವಿಷವೇ. ಆಗ ಮೈಲಿಗೆ ನೆನಪಾಗಲ್ಲ.

ನಮ್ಮ ಗುಂಪಿನ ಕೆಲವು ಗೆಳೆಯರಿಗೂ ಒಂದು ಮಾತು. ಹಾವಿನ ಫೋಟೋ ಹಾಕಿದ ಕೂಡಲೇ "ನಾವು ನಾಗರು, ಇದು ನಮ್ಮ ಕುಲ" ಅಂತ ಕಾಮೆಂಟ್ ಬರುತ್ತದೆ. ಬಾಬಾಸಾಹೇಬರು 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಮಾತಾಡುತ್ತಾ, ದೀಕ್ಷೆಗೆ ಆ ಊರನ್ನೇ ಯಾಕೆ ಆರಿಸಿದೆ ಅಂತ ಹೇಳುವಾಗ, ಬೌದ್ಧ ಧಮ್ಮವನ್ನು ಹರಡಿದ ನಾಗ ಜನರನ್ನು ನೆನೆದದ್ದು ನಿಜ. ಆ ಹೆಮ್ಮೆ ನನಗೂ ಇದೆ. ಆದರೆ ಕಲ್ಲುನಾಗರಕ್ಕೆ ಹಾಲೆರೆದು ನಿಜದ ನಾಗರಕ್ಕೆ ದೊಣ್ಣೆ ಎತ್ತುವವರನ್ನು ಬಸವಣ್ಣ ಕೇಳಿದ ಪ್ರಶ್ನೆಯನ್ನು ಸ್ವಲ್ಪ ನಮ್ಮ ಕಡೆಗೂ ತಿರುಗಿಸಿಕೊಳ್ಳೋಣ. ಬ್ಯಾನರಿನ ನಾಗರಿಗೆ ಜೈಕಾರ, ಚರಂಡಿ ಬಾಯಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತ ಅಕ್ಕನ ಬೂಟಿನ ಅಳತೆ ಕೇಳೋಕೆ ಪುರುಸೊತ್ತಿಲ್ಲ ಅಂದರೆ ಹೆಂಗೆ?

ಕೆರೆ ಬಗ್ಗೆಯೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ. ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆ ಚಿಲ್ಲರೆ. ಬತ್ತಿ, ಕಸ ತುಂಬಿ ಹೋಗಿದ್ದಕ್ಕೆ 2010ರಿಂದ ಇಲ್ಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ದುಡಿದು ಜೀವ ತುಂಬಿದ್ದಾರೆ. ಕೆರೆ ಉಳಿದದ್ದಕ್ಕೇ ಹಕ್ಕಿ ಇದೆ, ಕಪ್ಪೆ ಇದೆ, ಇಲಿ ಇದೆ, ಹಾವೂ ಇದೆ. ಹಾವು ಬೇಡ ಅನ್ನುವವನು ನಾನಲ್ಲ. ಅದನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅಲ್ಲದೆ ಇಲಿ ತಿನ್ನುವವರು ಬೇರೆ ಯಾರಿದ್ದಾರೆ? ಹಾವು ಇರಲಿ. ಅದರ ಜಾಗದಲ್ಲಿ ಕೈಕಾಲು ಹಾಕಿ ಕೆಲಸ ಮಾಡುವವರಿಗೆ ಮೊಣಕಾಲುದ್ದದ ಬೂಟು, ದಪ್ಪ ಗ್ಲೌಸು, ಉದ್ದ ಹಿಡಿಯ ಕೊಕ್ಕೆ ಇರಲಿ. ಸ್ವಯಂಸೇವಕರು ಹಾವು ಹಿಡಿಯಲು ಬರುವಾಗ ಇದೆಲ್ಲ ಹಾಕಿಕೊಂಡೇ ಬರುತ್ತಾರಲ್ಲ?

ಯಾರಿಗಾದರೂ ಕಚ್ಚಿದರೆ: ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಊದುವ ಮುಂಚೆ ಕಾಲುಂಗುರ, ಗೆಜ್ಜೆ, ಬಳೆ ತೆಗೆಸಿ. ನಡೆಸಬೇಡಿ, ಕಚ್ಚಿದ ಕಾಲು ಕೈ ಅಲುಗದ ಹಾಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಹಾವು ಹುಡುಕಿ ಹೊಡೆದು ತರುವ ಸಾಹಸ ಬೇಡ, ಔಷಧಿ ನಾಲ್ಕಕ್ಕೂ ಒಂದೇ ಅಂತ ಆಗಲೇ ಹೇಳಿದೆ. ಅಕಸ್ಮಾತ್ ಸಾವಾದರೆ, ಎಷ್ಟೇ ಕಷ್ಟವಾದರೂ ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಿ. ಹಟ್ಟಿಯ ಹಿರಿಯರಿಗೆ ಇದನ್ನು ಈಗಲೇ ಕೂರಿಸಿ ಹೇಳಿ, ಹೆಣ ಮುಂದೆ ಇಟ್ಟುಕೊಂಡು ಹೇಳೋಕೆ ಆಗಲ್ಲ.

ನಾನು ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದಿದ್ದೇನೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟುವಂತಿಲ್ಲ, ಹಾಗಾಗಿ ಬೇರೆ ಬೇರೆ ಮಾಡಿದ್ದೇನೆ. ಒಂದರಲ್ಲಿ, ನಮ್ಮ ವಾರ್ಡಿನ ಪೌರಕಾರ್ಮಿಕರಿಗೆ ಕಳೆದ ಮೂರು ವರ್ಷದಲ್ಲಿ ಕೊಂಡ ಗಮ್‌ಬೂಟು ಎಷ್ಟು, ಯಾವ ಯಾವ ಅಳತೆ, ಹೆಂಗಸರ ಅಳತೆಯದು ಎಷ್ಟು, ಸಹಿ ಹಾಕಿಸಿಕೊಂಡ ವಿತರಣಾ ರಿಜಿಸ್ಟರಿನ ನಕಲು. ಇನ್ನೊಂದರಲ್ಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷದ ದಾಸ್ತಾನು ತಿಂಗಳುವಾರು ಎಷ್ಟಿತ್ತು, ರಾತ್ರಿ ಪಾಳಿಯಲ್ಲಿ ಕೊಡುವ ವ್ಯವಸ್ಥೆ ಇದೆಯೋ ಇಲ್ಲವೋ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಿಮ್ಮ ವಾರ್ಡಿಗೆ, ನಿಮ್ಮ ತಾಲ್ಲೂಕಿಗೆ ಹಾಕುವವರು ಕಾಮೆಂಟಲ್ಲಿ ತಿಳಿಸಿ, ನಮೂನೆ ಕಳಿಸುತ್ತೇನೆ. ಹಳ್ಳಿಯಲ್ಲಿ ಇರುವವರು ಎರಡನೆಯದನ್ನು ಮೊದಲು ಹಾಕಿ. ವಿತರಣಾ ರಿಜಿಸ್ಟರಿನ ನಕಲು ಕೈಗೆ ಸಿಕ್ಕಿದ ಮೇಲೆ ಅದನ್ನು ತೆಗೆದುಕೊಂಡು ಹೋಗಿ ಆಯಾ ಅಕ್ಕಂದಿರ ಸಹಿಗೆ ತಾಳೆ ನೋಡುವುದು ಮರೆಯಬೇಡಿ.

ಜೈಭೀಮ್.